ಹೆಸರುಳ್ಳವರಿಗೆ ಮುಖ, ಮುಖವುಳ್ಳವರಿಗೆ ಹೆಸರು

(ಹೊನ್ನಾಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ. ವಿಷಯ: ಕನ್ನಡ ಕಲಾವಿದರು ಮತ್ತು ಸ್ತ್ರೀಯರ ಕಾಲ್ಪನಿಕ ಭಾವಚಿತ್ರ)



ಹೊನ್ನಾಳಿಯಿಂದ ಯಾವ ದಿಕ್ಕಿಗೆ ಹೊರಟರೂ ಒಬ್ಬ ಹೆಣ್ಣಿನ ಹೆಸರು ಎದುರಾಗುತ್ತದೆ. ಚನ್ನಗಿರಿಗೆ ಹೋದರೆ ಊರಿಗೂ ಕೋಟೆಗೂ ಕೆಳದಿಯ ಚೆನ್ನಮ್ಮಾಜಿಯ ನೆನಪು ಅಂಟಿಕೊಂಡಿದೆ. ಅದೇ ತಾಲ್ಲೂಕಿನ ಶಾಂತಿಸಾಗರದ ಏರಿಯ ಮೇಲೆ ನಿಂತರೆ, ಕೆರೆ ಕಟ್ಟಿಸಿದ ಶಾಂತವ್ವೆಯ ಕಥೆಯನ್ನು ಯಾರಾದರೂ ಹೇಳುತ್ತಾರೆ. ಮಲೇಬೆನ್ನೂರಿನ ಹತ್ತಿರ ಕೊಮಾರನಹಳ್ಳಿಯ ರಂಗನಾಥನ ಗುಡಿಯಲ್ಲಿ ಹೆಳವನಕಟ್ಟೆ ಗಿರಿಯಮ್ಮ ಇದ್ದಾಳೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಜಗಳೂರಿನ ಕಡೆ ಹೊರಟರೆ, 1997ರವರೆಗೂ ಆ ತಾಲ್ಲೂಕು ಸೇರಿದ್ದ ಚಿತ್ರದುರ್ಗದ ಓಬವ್ವ ನೆನಪಾಗುತ್ತಾಳೆ.

ಈ ಐವರಲ್ಲಿ ಒಬ್ಬರೂ ಕಲಾವಿದನ ಮುಂದೆ ಕುಳಿತು ಚಿತ್ರ ಬರೆಸಿಕೊಂಡವರಲ್ಲ. ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಜಯಂತಿಯ ಫ್ಲೆಕ್ಸಿನಲ್ಲಿ ನಾವು ಕಾಣುವ ಅವರ ಮುಖಗಳೆಲ್ಲ ಈಚಿನ ಕಾಲದ ಕಲಾವಿದರು ಕಲ್ಪಿಸಿಕೊಟ್ಟವು. ಹೆಸರಿದ್ದು ಮುಖವಿಲ್ಲದ ಹೆಣ್ಣುಮಕ್ಕಳು ಇವರು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಗುಂಪೂ ನಮ್ಮ ನಡುವೆ ಇದೆ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಸುತ್ತ ಎಷ್ಟೋ ತಾಂಡಾಗಳಿವೆ. ಲಂಬಾಣಿ ಹೆಣ್ಣುಮಕ್ಕಳ ಚಿತ್ರ ಬರೆಯದ ಚಿತ್ರಕಲಾ ಶಾಲೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಕನ್ನಡಿ ಹೊಲಿದ ಕುಪ್ಪಸ, ಮೊಣಕೈ ದಾಟುವ ಬಳೆಗಳು, ಕೆನ್ನೆಗಿಳಿದ ಬೆಳ್ಳಿ ಒಡವೆ ಎಲ್ಲವನ್ನೂ ಅಕ್ಕರೆಯಿಂದ ಬರೆಯುತ್ತಾರೆ. ಚಿತ್ರದ ಕೆಳಗೆ ಮಾತ್ರ ‘ಲಂಬಾಣಿ ಮಹಿಳೆ’ ಎಂದಷ್ಟೇ ಇರುತ್ತದೆ. ಆಕೆ ಯಾರು, ಯಾವ ತಾಂಡಾದವಳು, ಆ ಕಸೂತಿಯನ್ನು ಹೊಲಿದವರು ಯಾರು ಎಂಬುದಿರುವುದಿಲ್ಲ. ಇವರು ಮುಖವಿದ್ದು ಹೆಸರಿಲ್ಲದವರು.

ಸ್ತ್ರೀಯರ ಕಾಲ್ಪನಿಕ ಭಾವಚಿತ್ರ ಬರೆಯುವ ಕಲಾವಿದನ ಕೆಲಸ ಈ ಎರಡು ಗುಂಪುಗಳ ನಡುವೆ ನಡೆಯುತ್ತದೆ. ಹೆಸರುಳ್ಳವರಿಗೆ ಮುಖ ಕೊಡುವಾಗ ಆ ಮುಖವನ್ನು ಎಲ್ಲಿಂದ ತರಬೇಕು? ಯಾರ ಮುಖ ನೋಡಿ ಬರೆದೆವೋ ಅವರಿಗೆ ನಾವೇನು ಸಲ್ಲಿಸಬೇಕು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಕೊಂಡ ಕಲಾವಿದ ಮಾತ್ರ ಪ್ರಾಮಾಣಿಕವಾದ ಕಾಲ್ಪನಿಕ ಭಾವಚಿತ್ರ ಬರೆಯಬಲ್ಲ ಎಂಬುದು ನನ್ನ ನಂಬಿಕೆ. ಇಂದಿನ ಮಾತೆಲ್ಲ ಅದರ ವಿವರಣೆ.

1. ರವಿವರ್ಮ ಹಾಕಿಕೊಟ್ಟ ದಾರಿ

ನಮ್ಮ ಕಣ್ಣು ಹೆಣ್ಣಿನ ಚಿತ್ರವನ್ನು ನೋಡುವ ರೀತಿಯನ್ನು ತಿದ್ದಿದ್ದು ರಾಜಾ ರವಿವರ್ಮ (1848–1906). ತಿರುವಾಂಕೂರಿನ ಕಿಳಿಮಾನೂರಿನವನಾದರೂ ಮೈಸೂರಿಗೆ ಆತ ಹೊರಗಿನವನಲ್ಲ. ಅರಮನೆಗಾಗಿ ಪುರಾಣದ ಚಿತ್ರಗಳನ್ನು ಬರೆದುಕೊಟ್ಟವನು. ಆತನ ಪ್ರಸಿದ್ಧ ಕೃತಿಯೊಂದು ಇಂದಿಗೂ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. 1889ರ ಆ ಚಿತ್ರದಲ್ಲಿ ಭಾರತದ ಬೇರೆ ಬೇರೆ ಪ್ರಾಂತಗಳ ಉಡುಗೆ ತೊಟ್ಟ 11 ಹೆಂಗಸರು ವಾದ್ಯಗಳನ್ನು ಹಿಡಿದು ಒಂದೇ ಕಡೆ ಸೇರಿದ್ದಾರೆ. ಹಾಗೆಂದು ಆ ಹನ್ನೊಂದು ಜನ ಎಂದಾದರೂ ಒಂದು ಕೋಣೆಯಲ್ಲಿ ಕೂಡಿದ್ದರೆಂದಲ್ಲ. ಅವರನ್ನು ಸೇರಿಸಿದ್ದು ಕಲಾವಿದನ ಕಲ್ಪನೆ.

ಬರೋಡೆಯ ಅರಮನೆಗೆ ಪುರಾಣದ ಚಿತ್ರಗಳನ್ನು ಬರೆಯಬೇಕಾಗಿ ಬಂದಾಗ ರವಿವರ್ಮನಿಗೆ ಎದುರಾದ ತೊಡಕು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು. ದಮಯಂತಿ ಏನನ್ನುಟ್ಟಿದ್ದಳು? ಶಕುಂತಲೆಯ ಮುಖ ಎಂಥದು? ಆತ ಉತ್ತರ ಭಾರತವನ್ನೆಲ್ಲ ಸುತ್ತಿ, ಜನರ ಉಡುಗೆ ತೊಡುಗೆ ನೋಡಿ, ಕೊನೆಗೆ ಸೀರೆಯನ್ನು ಆರಿಸಿಕೊಂಡ. 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಆರಂಭವಾದ ಆತನ ಮುದ್ರಣಾಲಯದಿಂದ ಆ ಸೀರೆಯುಟ್ಟ ಲಕ್ಷ್ಮಿ ಸರಸ್ವತಿಯರು ಅಗ್ಗದ ಅಚ್ಚಿನ ಪಟಗಳಾಗಿ ಹೊರಬಿದ್ದು ದೇಶದ ಮೂಲೆಮೂಲೆಯ ದೇವರ ಗೂಡುಗಳನ್ನು ಸೇರಿದರು. ಒಬ್ಬ ಕಲಾವಿದ ತನ್ನ ಕೋಣೆಯಲ್ಲಿ ಮಾಡಿದ ಆಯ್ಕೆ ಒಂದು ತಲೆಮಾರಿನೊಳಗೆ ಜನರ ನಂಬಿಕೆಯೇ ಆಗಿಹೋಯಿತು.

ಅದೇ ಜಗನ್ಮೋಹನ ಅರಮನೆಯಲ್ಲಿ ಜನ ಮುಗಿಬಿದ್ದು ನೋಡುವ ಇನ್ನೊಂದು ಚಿತ್ರ ಇದೆ: ಅಂಗೈಯಲ್ಲಿ ದೀಪ ಹಿಡಿದು, ಬೆಳಕಿಗೆ ಬೆರಳು ಮರೆಮಾಡಿ ನಿಂತ ಹೆಣ್ಣು. ಎಷ್ಟೋ ಜನ ಅದನ್ನೂ ರವಿವರ್ಮನದೆಂದೇ ತಿಳಿಯುತ್ತಾರೆ. ಅದನ್ನು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದವರು ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಸುದ್ದಿ ಬರೆದವು. ಅಷ್ಟು ಕಾಲ ಲಕ್ಷಾಂತರ ಜನ ಮೆಚ್ಚಿದ ಆ ಮುಖಕ್ಕೆ ಒಂದು ಹೆಸರಿತ್ತೆಂದು ಬಹುಪಾಲು ಜನಕ್ಕೆ ತಿಳಿದದ್ದು ಆಗಲೇ. ಮುಖವಿದ್ದು ಹೆಸರಿಲ್ಲದವರು ಎಂದು ಹೇಳಿದೆನಲ್ಲ, ಆ ಸಾಲಿನಲ್ಲಿ ಅರಮನೆಯ ಗೋಡೆಯೇರಿದ ಚಿತ್ರಗಳೂ ಇವೆ.

2. ಬಿ.ಕೆ.ಎಸ್. ವರ್ಮ ಮತ್ತು ನಾಡದೇವಿ

ರವಿವರ್ಮನ ದಾರಿಯನ್ನು ನಮ್ಮ ಕಾಲದವರೆಗೆ ನಡೆಸಿಕೊಂಡು ಬಂದ ಕನ್ನಡ ಕಲಾವಿದ ಬಿ.ಕೆ.ಎಸ್. ವರ್ಮ. 1949ರಲ್ಲಿ ಹುಟ್ಟಿ 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಮೂಲ ಹೆಸರು ಶ್ರೀನಿವಾಸ್. ರವಿವರ್ಮನ ಮೇಲಿನ ಅಭಿಮಾನದಿಂದ ‘ವರ್ಮ’ ಎಂಬುದನ್ನು ಹೆಸರಿಗೆ ಸೇರಿಸಿಕೊಂಡರು. ತಂದೆಯದು ಸಂಗೀತ, ತಾಯಿಯದು ಚಿತ್ರಕಲೆ. ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರು ಕಟ್ಟಿದ ಕಲಾಮಂದಿರದಲ್ಲಿ ಅವರ ಕಲಿಕೆ ನಡೆಯಿತು. ಮುಂದೆ ಸಭೆಯೆದುರು ನಿಂತು ನೋಡನೋಡುತ್ತಿದ್ದಂತೆ ಚಿತ್ರ ಬರೆಯುವುದರಲ್ಲಿ ಅವರು ಹೆಸರಾದರು. ಶತಾವಧಾನಿ ಆರ್. ಗಣೇಶರು ಆಶುವಾಗಿ ಪದ್ಯ ಕಟ್ಟುತ್ತಿದ್ದರೆ ವರ್ಮ ಅವರು ಅದೇ ವಸ್ತುವಿಗೆ ವೇದಿಕೆಯಲ್ಲೇ ಬಣ್ಣ ತುಂಬುತ್ತಿದ್ದ ಕಾವ್ಯಚಿತ್ರ ಕಾರ್ಯಕ್ರಮಗಳನ್ನು ಕಂಡವರು ಅವನ್ನು ಮರೆಯಲಾರರು. ಚಿತ್ರಕಲೆಯನ್ನು ಗ್ಯಾಲರಿಯ ಬಾಗಿಲು ದಾಟಿಸಿ ಸಾಮಾನ್ಯ ಜನರ ಮುಂದೆ ಇಟ್ಟ ಪುಣ್ಯ ಅವರದು.

ಕನ್ನಡಿಗರ ಮನಸ್ಸಿನಲ್ಲಿ ಅವರ ಹೆಸರು ಗಟ್ಟಿಯಾಗಿ ನಿಂತಿರುವುದು ತಾಯಿ ಭುವನೇಶ್ವರಿಯ ಚಿತ್ರದಿಂದ. ಆ ಚಿತ್ರಕ್ಕೂ ಹಿಂದೆ ಒಂದು ಪರಂಪರೆ ಇದೆ. ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿ ಅವರು 1953ರಲ್ಲಿ ಗದುಗಿನ ಕಲಾವಿದ ಸಿ.ಎನ್. ಪಾಟೀಲರಿಂದ ಭುವನೇಶ್ವರಿಯ ಚಿತ್ರ ಬರೆಸಿದರು. ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಲು ಆಗ ಇನ್ನೂ ಮೂರು ವರ್ಷವಿತ್ತು. ನಾಡಿನ ಗಡಿಗಳು ಗೊತ್ತಾಗುವ ಮೊದಲೇ ನಾಡಿಗೊಂದು ಹೆಣ್ಣುಮುಖ ಬೇಕೆಂದು ಆ ಹಿರಿಯರಿಗೆ ಅನ್ನಿಸಿತು. ಸಿದ್ದಾಪುರ ತಾಲ್ಲೂಕಿನ ಭುವನಗಿರಿಯಲ್ಲೂ ಹಂಪಿಯ ವಿರೂಪಾಕ್ಷನ ಗುಡಿಯಲ್ಲೂ ಭುವನೇಶ್ವರಿಯ ಸನ್ನಿಧಿ ಇದ್ದರೂ, ಮನೆಮನೆಗೆ ಬಂದ ರೂಪ ಕಲಾವಿದರು ಕೊಟ್ಟದ್ದು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತ ಬಂದದ್ದರಿಂದ ಈಚೆಗೆ ಸರ್ಕಾರವೇ ಕಲಾವಿದರ ಸಮಿತಿ ನೇಮಿಸಿ ನಾಡದೇವಿಗೆ ಒಂದೇ ರೂಪ ನಿಗದಿ ಮಾಡಲು ಮುಂದಾಯಿತು.

ವರ್ಮ ಅವರ ದೇವಿಯರನ್ನು ನಾನು ಭಕ್ತಿಯಿಂದ ನೋಡಿದವನು. ತುಂಬಿದ ಮುಖ, ದೊಡ್ಡ ಕಣ್ಣು, ಒಳಗಿನಿಂದ ಹೊಮ್ಮಿದಂತೆ ಕಾಣುವ ಬೆಳಕು, ಗಾಳಿಗೆ ತೇಲುವ ರೇಷ್ಮೆ. ದೇವಿಗೆ ಇವೆಲ್ಲ ಒಪ್ಪುತ್ತವೆ. ದೇವಿಗೆ ವಯಸ್ಸಿಲ್ಲ, ಬಿಸಿಲು ತಾಕುವುದಿಲ್ಲ, ನಡೆದು ದಣಿಯುವುದಿಲ್ಲ. ತೊಡಕು ಶುರುವಾಗುವುದು ಅದೇ ಮುಖವನ್ನು ನಾವು ಚೆನ್ನಮ್ಮಾಜಿಗೂ ಓಬವ್ವನಿಗೂ ಅಕ್ಕನಿಗೂ ಹಚ್ಚಿದಾಗ. ಇದು ವರ್ಮ ಅವರ ತಪ್ಪಲ್ಲ. ಅವರನ್ನು ನೋಡಿ ಬರೆದವರು, ಬರೆಸಿದವರು, ಮೆಚ್ಚಿದ ನಾವು ಎಲ್ಲರೂ ಇದರಲ್ಲಿ ಭಾಗಿಗಳು. ಬದುಕಿದ ಹೆಣ್ಣಿಗೆ ದೇವಿಯ ಮುಖ ಕೊಟ್ಟಾಗ ಆಕೆಯನ್ನು ಮೇಲಕ್ಕೇರಿಸಿದೆವು ಎಂದುಕೊಳ್ಳುತ್ತೇವೆ. ನಿಜದಲ್ಲಿ ಆಕೆ ಪಟ್ಟ ಪಾಡನ್ನೆಲ್ಲ ಮುಖದಿಂದ ಒರೆಸಿಹಾಕಿರುತ್ತೇವೆ.

3. ಕಣ್ಣಾರೆ ಕಂಡವನ ಮಾತು

ಓಬವ್ವನನ್ನೇ ನೋಡೋಣ. ಹೈದರನ ಸೈನಿಕರು ಕಿಂಡಿಯಿಂದ ನುಸುಳುತ್ತಿದ್ದಾಗ ಒನಕೆ ಹಿಡಿದು ನಿಂತ ಆಕೆ ಕೋಟೆಯ ಕಾವಲುಗಾರನೊಬ್ಬನ ಹೆಂಡತಿ. ಗಂಡ ಊಟಕ್ಕೆ ಕುಳಿತಿದ್ದ, ನೀರು ತರಲು ಹೋದಳು ಎಂದು ಕಥೆ ಹೇಳುತ್ತದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದಿತು. ಅದರಲ್ಲಿ ಓಬವ್ವನಾಗಿ ಜಯಂತಿಯವರು ಕಾಣಿಸಿಕೊಂಡ ಮೇಲೆ ನಾಡಿನ ಬಹುಪಾಲು ಜನರ ಕಣ್ಣಲ್ಲಿ ಓಬವ್ವ ಎಂದರೆ ಜಯಂತಿ. ಅಭಿನಯದ ಶಕ್ತಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಆದರೆ ಚಿತ್ರಕಾರನಿಗೆ ಅದು ಸಾಲದು. ದಿನಾ ಒನಕೆ ಎತ್ತಿ ಕುಟ್ಟಿದ ತೋಳು ಎಂಥದು, ಬಂಡೆಯ ಮೇಲೆ ಬರಿಗಾಲಲ್ಲಿ ಓಡಾಡಿದ ಪಾದ ಎಂಥದು ಎಂದು ಅವನು ಕೇಳಿಕೊಳ್ಳಬೇಕು. ಓಬವ್ವನನ್ನು ಗೆಲ್ಲಿಸಿದ್ದು ಆ ತೋಳು. ಅದನ್ನು ನುಣುಪಾಗಿ, ಸಣ್ಣಗೆ ಬರೆದ ಚಿತ್ರದಲ್ಲಿ ಕಥೆಯೇ ನಡೆಯುವುದಿಲ್ಲ.

ಕಲ್ಪನೆಯ ಮುಖಕ್ಕೂ ಕಂಡ ಮುಖಕ್ಕೂ ಎಷ್ಟು ಅಂತರ ಇರಬಹುದು ಎಂಬುದಕ್ಕೆ ನಮ್ಮ ಇತಿಹಾಸದಲ್ಲೇ ಒಂದು ಅಪರೂಪದ ದಾಖಲೆ ಇದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೂ ಮಂಗಳೂರಿನ ಸೀಮೆಗೂ ಬಂದಿದ್ದ. ಉಳ್ಳಾಲದ ರಾಣಿಯನ್ನು ಆತ ಕಂಡದ್ದು ಅರಮನೆಯ ಸಿಂಹಾಸನದ ಮೇಲಲ್ಲ. ಕಾಲುವೆ ತೋಡಿಸುವ ಕೆಲಸ ನೋಡಲು ಆಕೆ ಬಂದಿದ್ದಾಗ. ಸುಮಾರು 40ರ ವಯಸ್ಸು, ಕಪ್ಪು ಬಣ್ಣ, ದಪ್ಪ ಮೈಕಟ್ಟು, ಬರಿಗಾಲು, ಸೊಂಟಕ್ಕೆ ಸುತ್ತಿದ ಸಾದಾ ಬಟ್ಟೆ, ತಲೆಗೆ ಕಟ್ಟಿದ ಇನ್ನೊಂದು ತುಂಡು, ಬಿಸಿಲಿಗೆ ತಾಳೆಗರಿಯ ಕೊಡೆ. ನೋಡಿದಾಗ ಆತನಿಗೆ ರಾಣಿ ಎನ್ನಿಸಲಿಲ್ಲ. ಆಕೆ ಮಾತಾಡತೊಡಗಿದಾಗ ಆ ದನಿ, ಆ ವಿವೇಕ ಕಂಡು ದೊಡ್ಡ ಮನಸ್ಸಿನ ಹೆಣ್ಣೆಂದು ಒಪ್ಪಿಕೊಂಡ. ಉಳ್ಳಾಲದಲ್ಲಿ ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಜನ ಇದ್ದರೆಂಬ ವಾದ ವಿದ್ವಾಂಸರಲ್ಲಿದೆ. ಅದೇನೇ ಇರಲಿ, ಕಾಲುವೆಯ ದಂಡೆಯಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡಿಸುವ ಆ ರಾಣಿಯನ್ನು ನಮ್ಮ ಫ್ಲೆಕ್ಸುಗಳು ಎಂದೂ ತೋರಿಸಿಲ್ಲ. ಅವುಗಳಲ್ಲಿ ಇರುವುದು ಬಿಳಿಮೈ, ಕುದುರೆ, ಝರಿಯ ಸೀರೆ, ಝಳಪಿಸುವ ಕತ್ತಿ.

ಆ ಪರದೇಶದ ಗಂಡಸಿನ ಬರವಣಿಗೆಯಲ್ಲಿ ತಾತ್ಸಾರವೂ ಇದೆ, ಅದನ್ನು ನಾವು ಒಪ್ಪಬೇಕಿಲ್ಲ. ಆದರೆ ಆತ ಕೊಟ್ಟ ವಿವರಗಳು ಒಬ್ಬ ಒಳ್ಳೆಯ ಕಲಾವಿದನ ಕೈಗೆ ಸಿಕ್ಕರೆ ಎಂಥ ಚಿತ್ರವಾದೀತು! ನೀರಿನ ಚಿಂತೆ ಹೊತ್ತ ದೊರೆಸಾನಿಯ ಮುಖ ಕತ್ತಿ ಎತ್ತಿದ ಮುಖಕ್ಕಿಂತ ಕಡಿಮೆ ಘನತೆಯದಲ್ಲ. ಶಾಂತಿಸಾಗರದ ಕಾಲುವೆ ನೀರು ಉಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

4. ದಾರಿ ಬದಲಿಸಿದ ಇಬ್ಬರು

ಮುಖ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ನೇರವಾಗಿ ಎತ್ತಿದ ಇಬ್ಬರು ಕನ್ನಡ ಕಲಾವಿದೆಯರಿದ್ದಾರೆ.

ಮೊದಲನೆಯವರು 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ. ಬರೋಡೆಯಲ್ಲಿ ಶಿಲ್ಪಕಲೆ ಕಲಿತ ಅವರು 1990ರ ದಶಕದ ನಡುವಿನಿಂದ ತಾವೇ ವೇಷ ತೊಟ್ಟು, ಕ್ಯಾಮೆರಾ ಮುಂದೆ ನಿಂತು ಕೃತಿ ರಚಿಸತೊಡಗಿದರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಮಾಡಿದ ಚಿತ್ರಮಾಲೆಯ ವಸ್ತು ದಕ್ಷಿಣ ಭಾರತದ ಹೆಂಗಸರು. ಅದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ, ಬೆಳದಿಂಗಳ ಹೆಣ್ಣು ಇದ್ದಾಳೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನ ಜನರನ್ನು ಅಳತೆಯ ಚೌಕಳಿ ಪರದೆಯ ಮುಂದೆ ನಿಲ್ಲಿಸಿ ತೆಗೆಯುತ್ತಿದ್ದಂಥ ಫೋಟೊ ಇದೆ. ಕಳ್ಳತನದ ಆರೋಪ ಹೊತ್ತ ಹೆಂಗಸರನ್ನು ಪೊಲೀಸರು ನಿಲ್ಲಿಸಿ ತೆಗೆಸಿದ ಪತ್ರಿಕೆಯ ಚಿತ್ರವೂ ಇದೆ. ಪರದೆ, ಒಡವೆ, ಬೆಳಕು ಎಲ್ಲವನ್ನೂ ಮೂಲದಂತೆ ಮತ್ತೆ ಕಟ್ಟಿ, ಆ ಹೆಣ್ಣುಗಳ ಜಾಗದಲ್ಲಿ ಪುಷ್ಪಮಾಲಾ ತಾವೇ ನಿಂತರು. ಲಕ್ಷ್ಮಿಯ ಪಟವನ್ನೂ ಕಳ್ಳಿಯೆಂದು ಹೆಸರಿಟ್ಟ ಫೋಟೊವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಎರಡರಲ್ಲೂ ಹೆಣ್ಣನ್ನು ನಿಲ್ಲಿಸಿದವರು, ಹೀಗೆ ನಿಲ್ಲು ಎಂದವರು ಬೇರೆ ಯಾರೋ ಎಂಬುದು ತಟ್ಟನೆ ಹೊಳೆಯುತ್ತದೆ. ನಿಂತವಳಿಗೆ ಮಾತಿರಲಿಲ್ಲ. ಕಲಾವಿದೆ ತನ್ನ ಮುಖವನ್ನೇ ಕೊಟ್ಟು ಆ ಮಾತನ್ನು ಆಡಿದರು.

ಎರಡನೆಯವರು ನಮ್ಮ ನೆರೆಯ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ. ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ಬರೋಡೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜು, ಹೀಗೆ ಅವರ ಕಲಿಕೆ ನಡೆಯಿತು. ಮೊದಲಿಗೆ ಅವರು ಎಣ್ಣೆಬಣ್ಣದಲ್ಲಿ ಹೆಣ್ಣಿನ ಆಕೃತಿಗಳನ್ನು ಬರೆಯುತ್ತಿದ್ದ ಚಿತ್ರಕಾರ್ತಿ. 1992ರ ಸುಮಾರಿಗೆ ದೇಶ ಕಂಡ ಹಿಂಸೆಯ ನಂತರ ಕ್ಯಾನ್ವಾಸಿನ ಮೇಲಿನ ಚಿತ್ರ ಅವರಿಗೆ ಸಾಲದೆನಿಸಿತು. ಸಗಣಿ, ಕುಂಕುಮ, ದಾರ, ಸೂಜಿ, ಹೀಗೆ ಮನೆಯ ಹೆಂಗಸರ ಕೈಗೆ ದಿನವೂ ತಾಕುವ ವಸ್ತುಗಳನ್ನೇ ಅವರು ಹಿಡಿದರು. 1998ರ ಪ್ರಸಿದ್ಧ ಕೃತಿಯೊಂದರಲ್ಲಿ ಉದ್ದನೆಯ ದಾರಗಳನ್ನು ಸೂಜಿಗಳ ಕಣ್ಣಿಂದ ಹಾಯಿಸಿ, ಕುಂಕುಮ ಮತ್ತು ಅಂಟು ಸವರಿ, ಒಟ್ಟು ಸೇರಿಸಿ ಹಗ್ಗವಾಗಿಸಿ ಕೋಣೆಯ ಗೋಡೆ ನೆಲಗಳ ಮೇಲೆ ಹರಿಯಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ಅಲ್ಲಿ ಕಣ್ಣು, ಮೂಗು, ಬಾಯಿ ಏನೂ ಇಲ್ಲ. ಆದರೂ ಅದು ಒಬ್ಬ ಹೆಣ್ಣಿನ ಭಾವಚಿತ್ರವೆಂದೇ ನಾನು ನೋಡುತ್ತೇನೆ. ಅಷ್ಟು ದಾರವನ್ನು ಒಂದೊಂದೇ ಸೂಜಿಯ ಕಣ್ಣಲ್ಲಿ ಎಳೆದ ಸಹನೆ, ಅದರ ಹಿಂದಿನ ನೋವು ಅಲ್ಲಿ ಪೂರ್ತಿ ಇದೆ.

ಇವರಿಬ್ಬರಿಂದ ನಮ್ಮ ಯುವ ಚಿತ್ರಕಾರರು ಪಡೆಯಬೇಕಾದದ್ದು ಅವರ ಶೈಲಿಯನ್ನಲ್ಲ. ಚಿತ್ರದ ಹೆಣ್ಣನ್ನು ಯಾರು ನಿಲ್ಲಿಸಿದರು ಎಂದು ಕೇಳುವುದನ್ನು ಪುಷ್ಪಮಾಲಾ ಅವರಿಂದ ಕಲಿಯಬೇಕು. ಹೆಣ್ಣಿನ ಗುರುತು ಮುಖದಷ್ಟೇ ಕೈಯ ಕೆಲಸದಲ್ಲೂ ಇದೆ ಎಂಬುದನ್ನು ಶೀಲಾ ಗೌಡರಿಂದ ಕಲಿಯಬೇಕು.

5. ಕಲ್ಲಿನಲ್ಲಿ ಉಳಿದ ತೋಳು

ಹೆಣ್ಣಿನ ಗುರುತು ಕೈಯಲ್ಲೂ ಇದೆ ಎಂಬ ಈ ಎರಡನೆಯ ಮಾತನ್ನು ನಮ್ಮ ಊರಿನ ಕಲ್ಲುಗಳು ಬಹಳ ಹಿಂದೆಯೇ ಬೇರೊಂದು ಬಗೆಯಲ್ಲಿ ಹೇಳಿವೆ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ ಬೆಳಗುತ್ತಿ ಸಿಂದ ಅರಸರ ನೆಲೆಯಾಗಿತ್ತು. ಈ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳು ಇನ್ನೂ ನಿಂತಿವೆ. ಮಾಸ್ತಿಗಲ್ಲಿನ ಶಿಲ್ಪಿ ಹೆಣ್ಣಿನ ಮುಖ ಕೆತ್ತಲು ಹೆಣಗಿಲ್ಲ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ತೋಳು, ತೋಳ ತುಂಬ ಬಳೆ, ಎಷ್ಟೋ ಕಡೆ ಬೆರಳ ನಡುವೆ ಒಂದು ನಿಂಬೆಹಣ್ಣು. ಹೆಣ್ಣು ಅಷ್ಟರಲ್ಲೇ ಮುಗಿದಳು.

ಆ ಕಲ್ಲುಗಳು ಮೆರೆಸುವುದು ಸಹಗಮನದ ಸಾವನ್ನು. ನಾವು ಅದನ್ನು ಮೆರೆಸಲಾರೆವು, ಮೆರೆಸಬಾರದು. ಆ ತೋಳಿನ ಹಿಂದೆ ಇದ್ದ ಬದುಕಿನ ಗತಿ ಏನು ಎಂಬುದೇ ನಮ್ಮ ಪ್ರಶ್ನೆ. ಅದಕ್ಕೆ ಉತ್ತರವಾಗಿ, ನಾನು ಬಲ್ಲಂತೆ, ಒಂದೇ ಒಂದು ಮುಖ ನಮ್ಮ ಮಲೆನಾಡಿನಿಂದ ಉಳಿದುಬಂದಿದೆ, ಅದೂ ಚಿತ್ರದಲ್ಲಲ್ಲ, ಬರಹದಲ್ಲಿ. ಅದೇ ದೆಲ್ಲಾ ವಾಲೆ 1623ರ ನವೆಂಬರಿನಲ್ಲಿ ಇಕ್ಕೇರಿಯಲ್ಲಿದ್ದಾಗ ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಿಧವೆಯನ್ನು ಕಂಡು ಮಾತಾಡಿಸಿದ. ಆತ ಬರೆದಿಟ್ಟ ಹೆಸರನ್ನು ನಾವು ಜಕ್ಕಮ್ಮ ಎಂದು ಓದಬಹುದು. ತೆಲುಗು ನಾಡಿನವಳು, ಗಂಡ ವಾದ್ಯ ಬಾರಿಸುವವನಾಗಿದ್ದ. ಮೂವತ್ತರ ಸುಮಾರಿನ ವಯಸ್ಸು, ಕಡುಗಪ್ಪು ಬಣ್ಣ, ಎತ್ತರದ ಆಳು, ಅಚ್ಚುಕಟ್ಟಾದ ಮೈಕಟ್ಟು, ನೋಡಲು ಲಕ್ಷಣವಾದ ಮುಖ ಎಂದು ಆತ ಬರೆದಿದ್ದಾನೆ. ಬೇಡವೆಂದು ಬಿಡಿಸಿ ಹೇಳಿದ. ಆಕೆ ಒಪ್ಪಲಿಲ್ಲ. ಹಾಗಾದರೆ ನಿನ್ನ ಹೆಸರನ್ನು ಲೋಕದಲ್ಲಿ ಉಳಿಸುತ್ತೇನೆ ಎಂದು ಮಾತುಕೊಟ್ಟು, ಅದರಂತೆ ಬರೆದಿಟ್ಟ.

ಇಕ್ಕೇರಿಯ ಅರಸರಿಗೆ ಚರಿತ್ರೆಯಿದೆ, ಅವರು ಕಟ್ಟಿಸಿದ ಅಘೋರೇಶ್ವರ ಗುಡಿಯಿದೆ. ಅದೇ ಊರಿನ ಒಬ್ಬ ಬಡ ವಾದ್ಯಗಾರನ ಹೆಂಡತಿಗೆ ಹೆಸರು, ವಯಸ್ಸು, ಬಣ್ಣ, ನಿಲುವು ಎಲ್ಲ ದಾಖಲೆಯಲ್ಲಿ ಸಿಗುತ್ತವೆ. ನಾಲ್ಕು ಶತಮಾನ ಕಳೆದರೂ ಆಕೆಯನ್ನು ಬರೆದ ಒಂದು ಕನ್ನಡ ಚಿತ್ರವನ್ನು ನಾನು ಕಂಡಿಲ್ಲ. ಚಿತೆಯೆದುರು ನಿಂತ ಜಕ್ಕಮ್ಮನನ್ನು ಬರೆಯುವುದು ಬೇಡ. ಗಂಡನ ವಾದ್ಯದ ಪಕ್ಕ, ಮನೆಯ ಬಾಗಿಲಲ್ಲಿ, ಬದುಕಿದ್ದ ಜಕ್ಕಮ್ಮನನ್ನು ಬರೆಯಲಿ. ಕಾಲ್ಪನಿಕ ಭಾವಚಿತ್ರಕ್ಕೆ ಇದಕ್ಕಿಂತ ಯೋಗ್ಯವಾದ ವಸ್ತು ನನಗೆ ತೋಚದು.

6. ನಮ್ಮ ಸೀಮೆಯ ಚಿತ್ರಕಾರರಲ್ಲಿ ಒಂದು ಕೋರಿಕೆ

ಕೊನೆಯ ಭಾಗವನ್ನು ವಿಶೇಷವಾಗಿ ವಿದ್ಯಾರ್ಥಿಗಳಿಗಾಗಿ ಇಟ್ಟುಕೊಂಡಿದ್ದೇನೆ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ನಮ್ಮ ತಾಲ್ಲೂಕುಗಳ ಎಷ್ಟೋ ಮಕ್ಕಳು ಅಲ್ಲಿ ಕಲಿಯುತ್ತಾರೆ. ನೀವು ಮುಂದೊಂದು ದಿನ ಚೆನ್ನಮ್ಮಾಜಿಯನ್ನೋ ಗಿರಿಯಮ್ಮನನ್ನೋ ಬರೆಯಲು ಕುಳಿತಾಗ ಈ ಮಾತುಗಳು ನೆನಪಿರಲಿ.

ಮೊದಲು ಆಕೆಯ ವಯಸ್ಸನ್ನು ಗೊತ್ತುಮಾಡಿಕೊಳ್ಳಿ. ಚೆನ್ನಮ್ಮಾಜಿ 17ನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಸುಮಾರು 25 ವರ್ಷ ರಾಜ್ಯವಾಳಿದವಳು. ಗಂಡನನ್ನು ಕಳೆದುಕೊಂಡು ಪಟ್ಟವೇರಿದಳು, ದತ್ತು ಮಗನನ್ನು ಬೆಳೆಸಿದಳು. ಶಿವಾಜಿಯ ಮಗ ರಾಜಾರಾಮ ಆಶ್ರಯ ಬೇಡಿ ಬಂದಾಗ ಔರಂಗಜೇಬನ ಸಿಟ್ಟಿಗೆ ಹೆದರದೆ ಬಾಗಿಲು ತೆರೆದಳು, ಬಂದ ಮೊಗಲ್ ಸೇನೆಯನ್ನು ಎದುರಿಸಿದಳು. ಆ ನಿರ್ಧಾರ ಮಾಡುವ ಹೊತ್ತಿಗೆ ಆಕೆ ಹದಿನೆಂಟರ ಹುಡುಗಿಯಲ್ಲ. ಕೂದಲಿಗೆ ನರೆ ಬಂದಿರಬಹುದು, ಕಣ್ಣಿನ ಸುತ್ತ ಗೆರೆ ಮೂಡಿರಬಹುದು. ಆ ಗೆರೆಗಳಲ್ಲೇ ರಾಜ್ಯಭಾರ ಇದೆ, ಅವನ್ನು ಅಳಿಸಬೇಡಿ.

ಆಮೇಲೆ ಮೈಬಣ್ಣ. ಚರ್ಮದ ಬಣ್ಣವೆಂದು ಟ್ಯೂಬಿನಲ್ಲಿ ಮಾರುವ ತಿಳಿಗುಲಾಬಿಯನ್ನು ಪಕ್ಕಕ್ಕಿಡಿ. ಈ ಊರಿನ ಬಿಸಿಲಲ್ಲಿ ಕೆಲಸ ಮಾಡುವ ಮೈಯಲ್ಲಿ ಕಾವಿಯಿದೆ, ಕಂದುಬಣ್ಣವಿದೆ, ನೆರಳಿನ ಕಡೆ ನೀಲಿ ಹಸಿರುಗಳ ಛಾಯೆ ಇದೆ. ಅದನ್ನು ನೋಡಿ ಬೆರೆಸುವುದನ್ನು ಕಲಿತರೆ ನಿಮ್ಮ ಚಿತ್ರಕ್ಕೆ ಬೇರೆಯದೇ ಕಸುವು ಬರುತ್ತದೆ. ಅಕ್ಕ ಮಲೆನಾಡಿನ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳೆಂದು ನಂಬುತ್ತೇವೆ. ಅರಸನನ್ನೂ ಅರಮನೆಯನ್ನೂ ಬಿಟ್ಟ ಆಕೆಯ ಕಥೆಯನ್ನು ಹರಿಹರ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಹೇಳಿದ. ಕೂದಲನ್ನೇ ಉಡುಗೆಯಾಗಿಸಿಕೊಂಡ ಆಕೆಯನ್ನು ಬರೆಯುವಾಗ ಬಹುಪಾಲು ಕಲಾವಿದರು ಅಂಜುತ್ತಾರೆ. ಆ ಅಂಜಿಕೆಯಿಂದಲೋ ಏನೋ, ಕೂದಲು ಅಲಂಕಾರವಾಗುತ್ತದೆ, ಮೈ ಬೆಣ್ಣೆಯಾಗುತ್ತದೆ. ಧೂಳಿನ ಪಾದ, ಬಿಸಿಲುಂಡ ಹಣೆ, ಬಿರಿದ ತುಟಿ ಬರೆಯಿರಿ. ಆಗ ನೋಡುವವರ ಕಣ್ಣು ಮೈಯ ಮೇಲೆ ನಿಲ್ಲದೆ ಆಕೆ ನಡೆದ ದೂರದ ಕಡೆ ಹೋಗುತ್ತದೆ.

ಮೂರನೆಯದು ಕೈ. ಗಿರಿಯಮ್ಮ ‘ಚಂದ್ರಹಾಸನ ಕಥೆ’ ಬರೆದವಳು. ಹೆಣ್ಣುಮಕ್ಕಳು ಮನೆಗಳಲ್ಲಿ ಕೂಡಿ ಹಾಡಿಕೊಂಡು ಉಳಿಸಿದ ಕಾವ್ಯ ಅದು. ಆಕೆಯನ್ನು ಕೈಮುಗಿದು ನಿಂತ ಭಕ್ತೆಯಾಗಿ ಮಾತ್ರ ಬರೆದರೆ ಅರ್ಧ ಬರೆದಂತೆ. ಗರಿ ಹಿಡಿದ ಕೈ, ಸೊಲ್ಲು ಸಿಗದೆ ತಡೆದು ನಿಂತ ನೋಟ ಬರಲಿ. ಶಾಂತವ್ವೆಯನ್ನು ಬರೆಯುವಾಗ ಕಥೆಯ ಅತ್ಯಂತ ಸೊಗಸಾದ ಘಟ್ಟವನ್ನು ಆರಿಸಿಕೊಳ್ಳಿ. ಕೆರೆಗೆ ಬೇಕಾದ ನೆಲ ಸೂಳೆಯರದ್ದಾಗಿತ್ತು. ತಮ್ಮ ಹೆಸರನ್ನೇ ಕೆರೆಗೆ ಇಡಬೇಕೆಂದು ಅವರು ಕೇಳಿದರು, ರಾಜಕುಮಾರಿ ಶಾಂತವ್ವೆ ಒಪ್ಪಿದಳು. ಎರಡು ಗುಡ್ಡಗಳ ನಡುವೆ ಏರಿ ಎದ್ದದ್ದು, ಹರಿದ್ರಾ ಹೊಳೆಯ ನೀರು ನಿಂತದ್ದು ಆ ಒಪ್ಪಂದದ ಮೇಲೆ ಎಂದು ಜನ ಹೇಳುತ್ತಾರೆ. ಅರಸನ ಮಗಳೂ ಊರು ಹೊರಗಿಟ್ಟ ಹೆಂಗಸರೂ ಸರಿಸಮ ಕುಳಿತು ಮಾತಾಡಿದ ದೃಶ್ಯ ಅದು. ಒಂದು ಮುಖದಲ್ಲಿ ಮುಗಿಯದ ಭಾವಚಿತ್ರ, ಎಲ್ಲರಿಗೂ ಮುಖ ಬೇಕಾದ ಭಾವಚಿತ್ರ.

ಇನ್ನು ಕೊನೆಯ ಮಾತು. ಈ ಮುಖಗಳನ್ನೆಲ್ಲ ಎಲ್ಲಿ ಹುಡುಕಬೇಕು? ಚನ್ನಗಿರಿಯ ಅಡಿಕೆ ಸುಲಿಯುವ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರಿದ್ದಾರೆ, ಬೆರಳೆಲ್ಲ ಅಡಿಕೆಯ ಚೊಗರಿಗೆ ಕಪ್ಪಾದವರು. ಕಾಲುವೆ ಬಯಲಿನ ಗದ್ದೆಗಳಲ್ಲಿ ನಾಟಿ ಹಚ್ಚುವವರಿದ್ದಾರೆ. ಜಗಳೂರಿನ ಮಳೆ ನಂಬಿದ ಹೊಲಗಳಲ್ಲಿ ಕಳೆ ತೆಗೆಯುವವರಿದ್ದಾರೆ. ಸೂರಗೊಂಡನಕೊಪ್ಪದ ಸುತ್ತ ಸೂಜಿ ಹಿಡಿದವರಿದ್ದಾರೆ. ಅವರ ಬಳಿ ಹೋಗಿ, ಒಪ್ಪಿಗೆ ಕೇಳಿ, ಕೂತು ಬರೆಯಿರಿ. ಕೂಲಿಯ ಹೊತ್ತು ಕಳೆದರೆ ಕೂಲಿ ಕೊಡಿ. ಬರೆದದ್ದನ್ನು ಮೊದಲು ಅವರಿಗೆ ತೋರಿಸಿ. ಅವರ ಮುಖದಿಂದ ಚೆನ್ನಮ್ಮಾಜಿ ಮೂಡಿದರೆ, ಓಬವ್ವ ಮೂಡಿದರೆ, ಚಿತ್ರದ ಕೆಳಗೆ ಎರಡು ಹೆಸರು ಬರೆಯಿರಿ: ರಾಣಿಯದೊಂದು, ನಿಮ್ಮ ಮುಂದೆ ಕುಳಿತವಳದೊಂದು. ಆಕೆ ತನ್ನ ಹೆಸರು ಬೇಡವೆಂದರೆ ಬಿಡಿ, ಆದರೆ ಕೇಳದೆ ಬಿಡಬೇಡಿ.

ಈ ದತ್ತಿಯನ್ನು ನೋಡಿಕೊಳ್ಳುವವರಲ್ಲೂ ಒಂದು ಬೇಡಿಕೆ. ಪ್ರತಿವರ್ಷ ಉಪನ್ಯಾಸದ ಜೊತೆಗೆ ನಮ್ಮ ಸೀಮೆಯ ಒಬ್ಬ ಯುವ ಚಿತ್ರಕಾರ ಅಥವಾ ಚಿತ್ರಕಾರ್ತಿಯಿಂದ ಇಂಥ ಒಂದು ಭಾವಚಿತ್ರ ಬರೆಸಿ, ಅದನ್ನು ಒಂದು ಸರ್ಕಾರಿ ಪ್ರೌಢಶಾಲೆಗೆ ಕೊಡಿ. ಮೊದಲನೆಯದು ಶಾಂತವ್ವೆ ಮತ್ತು ಆ ನೆಲ ಕೊಟ್ಟ ಹೆಂಗಸರದಾಗಲಿ. ಶಾಲೆಯ ಗೋಡೆಯಲ್ಲಿ ಆ ಚಿತ್ರ ನೋಡುವ ಹುಡುಗಿಗೆ ತನ್ನ ಅವ್ವನ ಹಾಗೆ, ದೊಡ್ಡವ್ವನ ಹಾಗೆ ಇರುವವರು ಕೆರೆ ಕಟ್ಟಿಸಿದರು, ನಾಡು ಆಳಿದರು, ಕಾವ್ಯ ಬರೆದರು ಎಂದು ತಿಳಿಯಬೇಕು. ಅದಕ್ಕೆ ಬೇಕಾದ ಬಣ್ಣ, ಬಟ್ಟೆ, ಚೌಕಟ್ಟಿನ ಖರ್ಚಿನಲ್ಲಿ ಒಂದು ಪಾಲು ನಾನು ಹೊರುತ್ತೇನೆ.